ಮೂರು ಕತ್ತರಿ

ಹೋದ ತಿಂಗಳು ಅಂಗಡಿ ಖಾಲಿ ಮಾಡಿಕೊಡಲು ಹಿಂದೂಪುರಕ್ಕೆ ಹೋಗಿದ್ದೆ. ಸೂಜಿಗೆ ದಾರ ಪೋಣಿಸಲು ಕಣ್ಣು ಒಪ್ಪದೆ ಹೋದಮೇಲೆ ಗೌರಿಬಿದನೂರಿನಲ್ಲಿ ಮಗಳ ಮನೆಯಲ್ಲೇ ಇದ್ದೇನೆ. ಆದರೂ ಆ ಅಂಗಡಿಯ ಬೀಗ ಮಾತ್ರ ನನ್ನದೇ ಆಗಿ ನೇತಾಡುತ್ತಿತ್ತು. ಬಸ್ಸಿಳಿದು ಪೇಟೆ ಬೀದಿಗೆ ತಿರುಗಿದ್ದೇ ತಡ, ಹುಣಸೆಹಣ್ಣಿನ ವಾಸನೆ ಮೂಗಿಗೆ ಹೊಡೆಯಿತು. ಮಂಡಿಗಳ ಮುಂದೆ ಹೆಂಗಸರು ಸಾಲಾಗಿ ಕೂತು ಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ಊರಿನವರಿಗೆ ಅದು ಅನ್ನದ ವಾಸನೆ. ನನಗೆ ಮಾತ್ರ ಅದು ಒಂದೇ ಒಂದು ಬೇಸಿಗೆಯ ವಾಸನೆ. ಆ ಬೇಸಿಗೆಯಲ್ಲಿ ನಾನು ನನ್ನ ಮಗನ ಕೂದಲನ್ನು ಬೆನ್ನಿಗೆ ಕಟ್ಟಿಕೊಂಡು, ಒಬ್ಬನೇ, ಬಸ್ಸಿನಲ್ಲಿ ದೇವರ ಊರುಗಳನ್ನು ಸುತ್ತಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಪೇಟೆಯಲ್ಲಿ ಒಂದು ಹೊಲಿಗೆ ಮಿಷನ್ನು, ಹಿಂದುಗಡೆ ಒಂದೂವರೆ ಅಂಕಣದ ಮನೆ. ಹೆಂಡತಿ ಸಾಕಮ್ಮ ರೊದ್ದಂ ಕಡೆಯವಳು. ಮಗ ಕದಿರಪ್ಪ, ಕದಿರಿ ನರಸಿಂಹಸ್ವಾಮಿ ನಮ್ಮ ಮನೆದೇವರಾದ್ದರಿಂದ ಆ ಹೆಸರು. ಹುಟ್ಟಿದಾಗ ಅವನು ಅಂಗೈಯಲ್ಲಿ ಹಿಡಿಯುವಷ್ಟು ಇದ್ದ. ಬದುಕಿದರೆ ದೇವರಿಗೆ ಮುಡಿ ಕೊಡುತ್ತೇನೆ ಎಂದು ನನ್ನ ಅವ್ವ ಹರಕೆ ಹೊತ್ತಳು. ಬದುಕಿದ. ಹರಕೆಯ ಹುಟ್ಟುಗೂದಲು ಅಂದರೆ ನಮ್ಮಲ್ಲಿ ಅದು ದೇವರ ಸೊತ್ತು, ಅವನ ಮುಂದೆ ಇಳಿಸುವ ತನಕ ಕತ್ತರಿ ತಾಗಿಸುವಂತಿಲ್ಲ. ಅಷ್ಟರಲ್ಲಿ ಅವ್ವ ತೀರಿಕೊಂಡಳು. ಸೂತಕದ ವರ್ಷ ಕಳೆಯಲಿ ಎಂದು ಮುಂದಕ್ಕೆ ಹಾಕಿದೆವು. ಆಮೇಲೆ ಸಾಕಮ್ಮ ಮತ್ತೆ ಬಸುರಾದಳು. ಈ ಉಗಾದಿ ಆಗಲಿ, ನೆಂಟರನ್ನೆಲ್ಲ ಕರಕೊಂಡು ಕದಿರಿಗೆ ಹೋಗೋಣ ಎಂದು ಅವಳು ಕಾಯುತ್ತಿದ್ದಳು. ಹುಡುಗನಿಗೆ ಹೆಣ್ಣುಮಗುವಿನ ಹಾಗೆ ಎರಡು ಜಡೆ ಹೆಣೆದು ಹೂ ಮುಡಿಸುತ್ತಿದ್ದಳು.

ಆ ವರ್ಷ ಶಿವರಾತ್ರಿ ಕಳೆದದ್ದೇ ಬಿಸಿಲು ಕೆಟ್ಟದಾಗಿ ಹತ್ತಿತು. ಮಗುವಿನ ತಲೆ ತುಂಬ ಕುರು ಎದ್ದವು. ಕೀವಿಗೆ ಕೂದಲು ಅಂಟಿ, ಗಂಟುಗಟ್ಟಿ, ನೊಣ ಮುತ್ತುತ್ತಿತ್ತು. ಅವನು ಕೆರೆದುಕೊಂಡು ರಕ್ತ ಮಾಡಿಕೊಂಡು, "ಅಪ್ಪಾ, ಉರಿ... ಉರಿ" ಎಂದು ನನ್ನ ಮಿಷನ್ನಿನ ಕಾಲಿಗೆ ಒರಗಿ ಅಳುತ್ತಿದ್ದ. ಆಸ್ಪತ್ರೆಯವರು ಮುಲಾಮು ಕೊಟ್ಟು, ಕೂದಲು ತೆಗೆದು ಹಚ್ಚಿ ಎಂದಿದ್ದರು. ಸಾಕಮ್ಮ ಕೇಳಲಿಲ್ಲ. "ಉಗಾದಿಗೆ ಇನ್ನ ಏಟು ದಿನ ಅದೆ? ದೇವ್ರ ಸೊತ್ತು ಕಣ್ರೀ, ಮುಟ್ಬ್ಯಾಡಿ," ಎಂದಳು. ಒಂದು ಮಧ್ಯಾಹ್ನ ಅವಳು ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ಮಗು ಅತ್ತು ಅತ್ತು ಬಿಕ್ಕಳಿಸುತ್ತಿತ್ತು. ನಾನು ದರ್ಜಿ, ಕೈಗೆ ಸಿಗುವುದು ಕತ್ತರಿಯೇ. ತೊಡೆಯ ಮೇಲೆ ಕೂರಿಸಿಕೊಂಡು ಕತ್ತರಿಸಿಬಿಟ್ಟೆ.

ದೇವರಿಗೆ ಬೇಕಾದ್ದು ಕೂದಲು ತಾನೆ, ನಾವೇ ಕತ್ತರಿಸಿ ಜೋಪಾನವಾಗಿ ತಂದುಕೊಟ್ಟರೂ ಸೇರುತ್ತದೆ, ಇದು ನನ್ನ ಲೆಕ್ಕ. ಬಟ್ಟೆ ಅಳೆದು ಅಳೆದು ಎಲ್ಲವೂ ಹಾಗೇ ಎಂದುಕೊಂಡಿದ್ದೆನೋ ಏನೋ. ಒಂದೆಳೆ ಬಿಡದೆ ಆಯ್ದು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಬಲಗಿವಿಯ ಹಿಂದೆ ಮೂರು ಕಡೆ ಕೂದಲು ಗಿಡ್ಡವಾಗಿದ್ದದ್ದು ಆಗ ಕಣ್ಣಿಗೆ ಬಿದ್ದಿತ್ತು. ತಲೆ ಕೆಡಿಸಿಕೊಳ್ಳಲಿಲ್ಲ.

ಮೂರೇ ದಿನಕ್ಕೆ ಕುರು ಒಣಗಿದವು. ನಾಲ್ಕನೆಯ ದಿನ ಅವನು ಬೀದಿಯಲ್ಲಿ ಆಡಿದ. ಸಾಕಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು, ಆದರೂ ಆ ದಿನ ಅವನ ಬೋಳುತಲೆ ಸವರಿ ಒಂದು ಸಲ ನಕ್ಕಳು. ಮಾರನೆಯ ವಾರ ಜ್ವರ ಬಂತು. ಬಂದ ನಾಲ್ಕನೆಯ ಬೆಳಿಗ್ಗೆ ಮಗು ಹೋಯಿತು.

ಮಣ್ಣು ಮಾಡಿ ಬಂದ ಮೂರನೆಯ ದಿನ, ಹಾಲುತುಪ್ಪ ಬಿಟ್ಟಾದಮೇಲೆ, ಸಾಕಮ್ಮ ಗಂಟುಮೂಟೆ ಕಟ್ಟಿದಳು. ಅವಳಪ್ಪ ಬಾಗಿಲಲ್ಲಿ ನಿಂತಿದ್ದರು. ಅವಳು ಅಳಲಿಲ್ಲ, ಬೈಯಲಿಲ್ಲ. "ಆ ಕೂದ್ಲು ಸ್ವಾಮಿಗೆ ಸೇರೋಗಂಟ ನಾನು ಈ ಹೊಸ್ಲು ತುಳಿಯಾಕಿಲ್ಲ," ಎಂದಳು. "ಅವನ ಸೊತ್ತು ಕಿತ್ಕಂಡ್ರಿ, ಅವ್ನು ನಮ್ಮ ಸೊತ್ತು ಕಿತ್ಕಂಡ. ಹಿಂಗೇ ಬಿಟ್ರೆ ಹೊಟ್ಟೇಲಿರೋದನ್ನೂ ತಗಂಡೋಯ್ತಾನೆ." ಆಗ ಅವಳಿಗೆ ಆರು ತಿಂಗಳು.

ಒಂದು ವಾರ ನಾನು ಅಂಗಡಿ ತೆಗೆಯಲಿಲ್ಲ. ರೊದ್ದಂನಿಂದ ಬಂದವರೊಬ್ಬರು, ನಿಮ್ಮ ಹೆಂಡತಿ ಗಂಜಿ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲವಂತೆ ಎಂದರು. ಅವತ್ತು ಉಳಿದ ಖಾಕಿ ಬಟ್ಟೆಯಲ್ಲಿ ಎರಡು ಪಟ್ಟಿಯ ಚೀಲ ಹೊಲಿದೆ, ಬೆನ್ನಿಗೆ ಹಾಕಿಕೊಳ್ಳುವ ಹಾಗೆ. ಕೈಯಲ್ಲಿ ಹಿಡಿದರೆ ಎಲ್ಲಾದರೂ ಮರೆತೇನು ಎಂಬ ಭಯ. ಅದರಲ್ಲಿ ಹಳದಿ ಗಂಟು, ಒಂದು ಪಂಚೆ, ನಾಲ್ಕು ರಾಗಿ ರೊಟ್ಟಿ, ಕಡ್ಲೆಕಾಯಿ ಚಟ್ನಿಪುಡಿ. ಕಂಡಕ್ಟರು ನನ್ನ ವೇಷ ನೋಡಿ "ಏಮಯ್ಯಾ, ಮಿಲಿಟ್ರೀನಾ?" ಎಂದು ನಕ್ಕ. ನಾನೂ ನಕ್ಕೆ. ಬಸ್ಸಿನಲ್ಲಿ ಒಬ್ಬನೇ ಹೋಗುವವನು ನಗಬೇಕಾಗುತ್ತದೆ, ಇಲ್ಲದಿದ್ದರೆ ಜನ ವಿಚಾರಿಸುತ್ತಾರೆ.

ಕದಿರಿಯ ಬಸ್ಸು ಲೇಪಾಕ್ಷಿಯ ಮೇಲೆ ಹೋಗುತ್ತಿತ್ತು. ವೀರಭದ್ರನಿಗೆ ಕೈ ಮುಗಿದು ಬರುತ್ತೇನೆಂದು ಇಳಿದೆ. ಅವ್ವ ಆ ಗುಡಿಗೆ ಮಗುವನ್ನು ಎತ್ತಿಕೊಂಡು ಬರುತ್ತಿದ್ದಳು. ಒಳಗೆ ಕಲ್ಲಿನ ತಂಪು. ಕಂಬಕ್ಕೆ ಒರಗಿ ಕೂತವನು ಏಳಲೇ ಇಲ್ಲ. ಬೇಡಿಕೊಳ್ಳಲು ಬಾಯಿ ತೆರೆದರೆ ಏನು ಬೇಡುವುದೆಂದು ಗೊತ್ತಾಗಲಿಲ್ಲ. ಬೇಡಬೇಕಾದ್ದು ಮುಗಿದುಹೋಗಿತ್ತು. ಬಸ್ಸು ನನ್ನನ್ನು ಬಿಟ್ಟು ಹೊರಟುಹೋಯಿತು.

ಮಧ್ಯಾಹ್ನದ ಬಸ್ಸಿನಲ್ಲಿ ಕೊಡಿಕೊಂಡದ ಹತ್ತಿರ ಒಂದು ಸಂಸಾರ ಹತ್ತಿತು. ಅಜ್ಜಿ, ಮಗ, ಸೊಸೆ, ತಲೆ ತುಂಬ ಕೂದಲಿನ ಒಂದು ಗಂಡುಮಗು. ಅಜ್ಜಿ ನನ್ನ ಪಕ್ಕದಲ್ಲೇ ಕೂತರು. ಮಗು ನನ್ನ ಚೀಲದ ಪಟ್ಟಿ ಹಿಡಿದು ಎಳೆಯಿತು.

"ನಾವೂ ಕದಿರಿಗೇ ಕಣಪ್ಪ, ಮುಡಿ ಕೊಡಾಕೆ," ಅಜ್ಜಿ ಹೇಳಿದರು. "ನೀನು?"

"ನಾನೂ ಅದ್ಕೇ ಕಣವ್ವ."

"ಕೂಸೆಲ್ಲಿ?"

"ಹಿಂದ್ಲ ಬಸ್ನಾಗೆ... ಅವ್ರಮ್ಮನ ಜತೇಲಿ ಬತ್ತಾನೆ," ಎಂದೆ. ಮಾತು ಅದಾಗಿ ಬಾಯಿಂದ ಬಂತು. ಕದಿರಿ ಬರುವ ತನಕ ಅಜ್ಜಿ, ನಿನ್ನ ಮಗನಿಗೆ ಎಷ್ಟು ಹಲ್ಲು, ಏನು ತಿನ್ನುತ್ತಾನೆ ಎಂದೆಲ್ಲ ಕೇಳಿದರು. ನಾನು ಒಂದೂ ಬಿಡದೆ ಹೇಳಿದೆ. ಹೇಳುತ್ತ ಹೋದಷ್ಟು ಹೊತ್ತು ಅವನು ನಿಜವಾಗಿಯೂ ಹಿಂದಿನ ಬಸ್ಸಿನಲ್ಲಿ ಇದ್ದ.

ಕದಿರಿಯಲ್ಲಿ ಮಾರನೆಯ ಬೆಳಿಗ್ಗೆ ಕೊಳದಲ್ಲಿ ಮುಳುಗಿ, ಮುಡಿ ತೆಗೆಯುವ ಮಂಟಪಕ್ಕೆ ಹೋದೆ. ನಾವಿದರು ಸಾಲಾಗಿ ಕೂತಿದ್ದರು. ಮಕ್ಕಳ ಅಳು, ತಾಯಂದಿರ ನಗು, ನೆತ್ತಿಗೆ ಗಂಧ. ನನ್ನ ಸರದಿ ಬಂದಾಗ ಒಬ್ಬ ಮುದುಕ ನಾವಿದರ ಮುಂದೆ ಹಳದಿ ಗಂಟು ಬಿಚ್ಚಿಟ್ಟೆ. ಅವರು ಕತ್ತಿ ಹಿಡಿದ ಕೈ ಹಾಗೇ ನಿಲ್ಲಿಸಿದರು.

"ವೆಂಟ್ರುಕಲು ಉನ್ನಾಯಿ ಸರೇ, ತಲ ಏದಿ ನಾಯನಾ?" ಎಂದರು. ಕೂದಲಿದೆ ಸರಿ, ತಲೆ ಎಲ್ಲಿ ಎಂದು.

ಸುತ್ತ ಕೂತವರು ತಿರುಗಿ ನೋಡಿದರು. ನಾನು ಹೇಳಬೇಕಾಯಿತು. ಮುದುಕ ಕತ್ತಿ ಕೆಳಗಿಟ್ಟು, ಗಂಟನ್ನು ತಾವೇ ಮತ್ತೆ ಕಟ್ಟಿ ನನ್ನ ಕೈಯಲ್ಲಿಟ್ಟರು. ಸ್ವಾಮಿಯ ನೀರಲ್ಲಿ ನೆಂದ ತಲೆಯಿಂದ ಇಳಿದರೆ ಅದು ಮುಡಿ, ಬೇರೆ ಕಡೆ ಕತ್ತರಿಸಿ ತಂದದ್ದನ್ನು ನಾನು ಒಪ್ಪಿಸಿಕೊಳ್ಳುವುದು ಹೇಗೆ ನಾಯನಾ, ಎಂದರು. ಒರಟಾಗಿ ಹೇಳಲಿಲ್ಲ. ಒರಟಾಗಿ ಹೇಳಿದ್ದರೆ ಜಗಳವಾಡಬಹುದಿತ್ತು. ಆಮೇಲೆ, ಹರಕೆ ಹೊತ್ತವರು ಯಾರು, ಅವರ ಬಾಯಲ್ಲಿ ಯಾವ ದೇವರ ಹೆಸರು ಬಂದಿತ್ತು, ಎಂದು ಕೇಳಿದರು.

ಅವ್ವ ಹೇಳಿದ್ದು "ದೇವ್ರಿಗೆ ಮುಡಿ" ಎಂದಷ್ಟೆ. ಹೆಸರು ಕದಿರಪ್ಪ, ಮನೆದೇವರು ಕದಿರಿ, ಹರಕೆಯೂ ಕದಿರಿಗೇ ಎಂದು ನಾವೇ ತಿಳಿದುಕೊಂಡಿದ್ದೆವು. ಅವ್ವನ ತವರು ಕಲ್ಯಾಣದುರ್ಗ. ಅಲ್ಲಿ ಅವಳ ತಂಗಿ ಈರಮ್ಮ ಚಿಕ್ಕವ್ವ ಇದ್ದಳು. ಹೆರಿಗೆಯ ಹೊತ್ತಿನಲ್ಲಿ ಅವ್ವನ ಜೊತೆ ನಮ್ಮ ಮನೆಯಲ್ಲಿದ್ದವಳು ಅವಳೊಬ್ಬಳೇ. ಮಂಟಪದಿಂದ ಇಳಿಯುವಾಗ ಬಸ್ಸಿನ ಅಜ್ಜಿ ಎದುರಾದರು. ಮೊಮ್ಮಗನ ಬೋಳುತಲೆಗೆ ಗಂಧ ಮೆತ್ತಿದ್ದರು. "ಬಂದ್ರೇನಪ್ಪ ನಿಮ್ಮೋರು?" ಎಂದರು. "ಬತ್ತಾವ್ರೆ," ಎಂದು ಬಸ್ ಸ್ಟ್ಯಾಂಡಿನ ಕಡೆ ಓಡಿದೆ.

ಅನಂತಪುರದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಮುಟ್ಟುವ ಹೊತ್ತಿಗೆ ಮತ್ತೊಂದು ದಿನ ಆಗಿತ್ತು. ಆ ದಾರಿಯಲ್ಲಿ ನೆರಳು ಅನ್ನುವುದು ಬಸ್ಸಿನೊಳಗೆ ಮಾತ್ರ. ಬಿಸಿಗಾಳಿಗೆ ಕಿಟಕಿಯ ಸರಳು ಕೈ ಸುಡುತ್ತಿತ್ತು. ದೇವರು ತಪ್ಪಾಗಿದ್ದರೆ ಸರಿಯಾದ ದೇವರನ್ನು ಹುಡುಕಿ ಕಾಲು ಹಿಡಿದರಾಯಿತು, ಅವನಾದರೂ ತೆಗೆದುಕೊಂಡಾನು, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಇಡೀ ಸುತ್ತಾಟದಲ್ಲಿ ಆಸೆ ಅನ್ನುವುದು ಇದ್ದದ್ದು ಆ ಒಂದು ದಾರಿಯಲ್ಲಿ.

ಚಿಕ್ಕವ್ವ ಜಗಲಿಯಲ್ಲಿ ಕೂತು ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಮುಖವೆಲ್ಲ ಅರಳಿಸಿ, "ಬಾ ನಾಯನಾ! ಒಬ್ನೇ ಬಂದ್ಬುಟ್ಯಾ? ಕೂಸು ಹೆಂಗದೆ?" ಎಂದಳು. ನಾನು ಕಾಗದ ಬರೆದಿರಲಿಲ್ಲ. ಏನೆಂದು ಬರೆಯುವುದು?

ಹೇಳಿದೆ. ಕುರು, ಕತ್ತರಿ, ಜ್ವರ, ಸಾಕಮ್ಮ, ಕದಿರಿ, ಎಲ್ಲವನ್ನೂ. ಚಿಕ್ಕವ್ವ ಮೊರ ಪಕ್ಕಕ್ಕಿಟ್ಟು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಕೈ ಹಿಡಿದು ಹೇಳಿದಳು.

"ನೀನು ಅದೊಂದನ್ನ ಮನಸಿಂದ ತಗದಾಕು ಮಗಾ. ಹರಕೆ ಬಾಕಿ ಇಲ್ಲ. ನಿಮ್ಮವ್ವ ತೀರ್ಸಿದ್ಲು."

"ತೀರ್ಸಿದ್ಲಾ? ಯಾವಾಗ?" ಎಂದೆ.

"ನನ್ನ ಮಗಳ ಮದುವೆಗೆ ಕೂಸನ್ನ ಎತ್ಕಂಡು ಬಂದಿದ್ಲಲ್ಲ, ಆಗ. ಕೂಸಿಗೆ ವಾಂತಿ ಭೇದಿ ಹತ್ಕಂಡು ಕಣ್ಣು ಮೇಲಕ್ಕೆ ಸಿಗಾಕಂಡ್ಬುಡ್ತು. ಅಕ್ಕ ಹೆದರ್ಕಂಡು, ಹರಕೆ ಹೊತ್ತಿದ್ದೇ ನಮ್ಮೂರ ದೇವ್ರು ಅಕ್ಕಮ್ಮಂಗೆ, ಇನ್ನ ತಡ ಮಾಡ್ಬಾರ್ದು ಅಂತ ಬೆಟ್ಟಕ್ಕೆ ಎತ್ಕಂಡೋದ್ಲು. ನಾನೇ ಜತೆಗೋಗಿದ್ದೆ. ಮೂರು ಕತ್ತರಿ ಕೊಟ್ಬುಟ್ಲು. ಕೂಸು ಸಂಜೆಗೆಲ್ಲ ಆಡ್ತು ಕಣಪ್ಪ."

ಮೂರು ಕತ್ತರಿ ಅಂದರೆ ಪೂರ್ತಿ ಬೋಳಿಸಲಾಗದ ಹೊತ್ತಿನಲ್ಲಿ ದೇವರ ಹೆಸರು ಹೇಳಿ ಮೂರು ಕಡೆ ಚೂರು ಚೂರು ಕೂದಲು ಕತ್ತರಿಸಿ ಒಪ್ಪಿಸುವುದು. ಹಾಗೆ ಕೊಟ್ಟರೂ ಹರಕೆ ತೀರಿತೆಂದೇ ಲೆಕ್ಕ. ಹೆಂಗಸರು ಸಾಮಾನ್ಯವಾಗಿ ಹಾಗೇ ಕೊಡುತ್ತಾರೆ.

"ಅವ್ವ ನಮಗ್ಯಾಕೆ ಹೇಳ್ಲಿಲ್ಲ?"

"ಸೊಸೆ ಕದಿರೀಲಿ ನೆಂಟರನ್ನೆಲ್ಲ ಕರ್ದು ಮಾಡ್ಬೇಕು ಅಂತ ಆಸೆ ಮಡಿಕ್ಕಂಡವ್ಳೆ, ಅವ್ಳ ಸಂತೋಸ ಯಾಕೆ ಕೆಡಿಸ್ಲಿ ಅಂದ್ಲು. ಎರಡು ಕಡೆ ಕೊಟ್ರೆ ದೇವ್ರು ಬ್ಯಾಡ ಅಂತಾನಾ ಅಂದ್ಲು."

ಒಂದು ಚೆಂಬು ನೀರು ಕುಡಿದು ಮುಗಿಸುವಷ್ಟು ಹೊತ್ತು ನನಗೆ ಹಗುರವಾಯಿತು. ನಾನು ಕತ್ತರಿಸಿದ್ದು ದೇವರ ಸೊತ್ತನ್ನಲ್ಲ. ಉರಿ ಎಂದು ಅಳುತ್ತಿದ್ದ ಮಗುವಿನ ಕೂದಲು ಅಷ್ಟೆ. ಚೆಂಬು ಕೆಳಗಿಟ್ಟೆ.

"ಹಂಗಾದ್ರೆ ಅವ್ನು ಯಾಕೋದ ಚಿಕ್ಕವ್ವ?"

ಅವಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ನನ್ನ ಕೇಳ್ತೀಯಾ? ನಂದು ಆರು ಹೋದ್ವು. ಒಂದಕ್ಕೂ ಹರಕೆ ಬಾಕಿ ಇರ್ಲಿಲ್ಲ," ಎಂದು ಕಾಯಿ ಸುಲಿಯತೊಡಗಿದಳು.

ಅಕ್ಕಮ್ಮನ ಬೆಟ್ಟವನ್ನು ಒಬ್ಬನೇ ಹತ್ತಿದೆ. ಬಂಡೆ ಕಾದು ಬರಿಗಾಲಿಗೆ ಬೊಬ್ಬೆ ಬಂತು. ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತು ಗಂಟು ಬಿಚ್ಚಿದೆ. ದರ್ಜಿಯ ಕಣ್ಣು, ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹುಟ್ಟುಗೂದಲಿನ ತುದಿ ಸಣ್ಣಗೆ ಮೊನಚಾಗಿರುತ್ತದೆ. ಅದರ ನಡುವೆ ಗಿಡ್ಡ ಎಳೆಗಳ ಮೂರು ಕುಚ್ಚು, ಎರಡೂ ತುದಿ ನೇರವಾಗಿ ಕತ್ತರಿಸಿದ್ದು. ಒಂದು ತುದಿ ನನ್ನ ಕತ್ತರಿಯದು, ಇನ್ನೊಂದು ಅವ್ವನದು. ಚಿಕ್ಕವ್ವ ನನ್ನನ್ನು ಸಮಾಧಾನಪಡಿಸಲು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅನ್ನಿಸಿತು. ಗುಡಿಯ ಮುಂದೆ ನಿಂತೆ. ಕೈ ಮುಗಿಯಲಾಗಲಿಲ್ಲ. ಸಿಟ್ಟು ಬಂದರೂ ಒಂದು ದಾರಿಯಾಗುತ್ತಿತ್ತು, ಅದೂ ಬರಲಿಲ್ಲ. ಗಂಟನ್ನು ಅಲ್ಲೇ ಬಿಟ್ಟು ಬರೋಣವೆಂದರೆ, ಅಕ್ಕಮ್ಮನಿಗೆ ಸಲ್ಲಬೇಕಾದ್ದು ಆಗಲೇ ಸಂದಿತ್ತು. ಅದು ಈಗ ಯಾವ ದೇವರದ್ದೂ ಅಲ್ಲ. ಬೆನ್ನಿಗೆ ಹಾಕಿಕೊಂಡು ಇಳಿದೆ.

ಪೆನುಕೊಂಡಕ್ಕೆ ಬಂದು, ಅಲ್ಲಿಂದ ರೊದ್ದಂ ಬಸ್ಸು ಹಿಡಿದೆ. ಸಾಕಮ್ಮನಿಗೆ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಹರಕೆ ತೀರಿತ್ತು ಕಣೆ, ನನ್ನದು ತಪ್ಪಿಲ್ಲ, ನಿನ್ನದೂ ಇಲ್ಲ, ಯಾರದೂ ಇಲ್ಲ. ಬೇಕಾದರೆ ಕುಚ್ಚು ತೋರಿಸುತ್ತೇನೆ. ನಾನು ನಿರಪರಾಧಿ ಎನ್ನುವುದನ್ನು ಅವಳ ಬಾಯಲ್ಲಿ ಒಂದು ಸಲ ಕೇಳಬೇಕಿತ್ತು ನನಗೆ. ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಅವಳು ಹಿತ್ತಲಿನ ಹೊಂಗೆ ನೆರಳಲ್ಲಿ ಚಾಪೆಯ ಮೇಲೆ ಕೂತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು, ಹೊಟ್ಟೆ ಮಾತ್ರ ಮುಂದಕ್ಕೆ ಬಂದಿತ್ತು. ಅತ್ತೆ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಸಾಕಮ್ಮ ಮಾತಾಡಿದಳು.

"ಇಷ್ಟು ದಿನ ಅದ್ನೇ ಯೋಚ್ನೆ ಮಾಡ್ತಾ ಕುಂತಿದ್ದೆ. ತಪ್ಪು ನಿಮ್ದು, ಶಿಕ್ಷೆ ಆಯ್ತು. ಕೂದ್ಲು ಸೇರುದ್ರೆ ಅಲ್ಲಿಗೆ ಮುಗೀತು. ಇದು ಉಳೀತದೆ. ಅಲ್ವಾ?" ಕೈ ಹೊಟ್ಟೆಯ ಮೇಲಿತ್ತು. "ತಪ್ಪಿಲ್ದೆ ಸುಮ್ಸುಮ್ನೆ ತಗಂಡೋಗೋ ದೇವ್ರಾಗಿದ್ರೆ, ಇದನ್ನೂ ಸುಮ್ಸುಮ್ನೆ ತಗಂಡೋಗ್ತಿದ್ದ. ಆಗ ನಾನೇನ್ ಮಾಡ್ಬೋದಿತ್ತು ಹೇಳಿ? ಕೊಟ್ರಾ?"

ಬೆನ್ನಿನ ಮೇಲೆ ಚೀಲವಿತ್ತು. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಕೊಟ್ಟೆ ಕಣೆ. ಕದಿರ್ಯಾಗೆ."

"ಯಾರು ತಗಂಡ್ರು?"

"ವಯಸ್ಸಾದ ನಾವಿದರು. ಕೊಳದ ನೀರು ಚಿಮುಕಿಸಿ, ಸ್ವಾಮಿ ಹೆಸರು ಹೇಳಿ ಇಸ್ಕಂಡ್ರು," ಎಂದೆ. ಆಮೇಲೆ ಬಸ್ಸಿನ ಅಜ್ಜಿಯ ಮೊಮ್ಮಗನಿಗೆ ನಡೆದದ್ದನ್ನೆಲ್ಲ ನಮ್ಮದೇ ಎಂಬಂತೆ ಹೇಳಿದೆ. ಗಂಧದ ವಾಸನೆಯನ್ನೂ ಬಿಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ನಂತರ ತಾಯಿಯ ಕಡೆ ತಿರುಗಿ, "ಮುದ್ದೆ ಐತೇನವ್ವ?" ಎಂದಳು. ಎರಡು ಮುದ್ದೆ ಉಂಡಳು. ನಾನು ಕೈ ತೊಳೆಯುವ ನೆಪದಲ್ಲಿ ಬಾವಿಯ ಹಿಂದೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಅತ್ತೆ. ಮಗ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಮಳೆಗಾಲದಲ್ಲಿ ಹೆಣ್ಣುಮಗು ಹುಟ್ಟಿತು, ಉಳಿಯಿತು. ಸಾಕಮ್ಮ ಮನೆಗೆ ಬಂದಳು. ಆದರೆ ಒಂದು ಕಟ್ಟು ಮಾಡಿದಳು: ಕತ್ತರಿ ಅಂಗಡಿ ಬಿಟ್ಟು ಮನೆಯೊಳಗೆ ಬರಕೂಡದು, ಮಗಳ ತಲೆ ನಾನು ಸವರಕೂಡದು. ಎಣ್ಣೆ ಹಚ್ಚಲೂ ಬಿಡುತ್ತಿರಲಿಲ್ಲ. ಮಗಳು ದೊಡ್ಡವಳಾಗಿ ಮದುವೆಯಾಗುವ ತನಕ ನಾನು ಅವಳ ಕೂದಲು ಮುಟ್ಟಲಿಲ್ಲ. ಯಾಕೆ ಎಂದು ಅವಳು ಕೇಳಿದಾಗಲೆಲ್ಲ ಸಾಕಮ್ಮನೇ, "ನಿಮ್ಮಪ್ಪನ ಕೈ ಒಳ್ಳೇದಲ್ಲ," ಎನ್ನುತ್ತಿದ್ದಳು.

ಗಂಟನ್ನು ಎಲ್ಲಿಡುವುದು? ಕತ್ತರಿಸಿದ ಕೂದಲು ಮನೆಯಲ್ಲಿಟ್ಟರೆ ಅಪಶಕುನ. ಕೂದಲು ತುಂಬಿದ ದಿಂಬಿಗೆ ಚುಚ್ಚಿದ ಸೂಜಿ ತುಕ್ಕು ಹಿಡಿಯುವುದಿಲ್ಲ ಎಂದು ಹಳೆಯ ದರ್ಜಿಗಳು ಹೇಳುತ್ತಾರೆ. ಅದೇ ಹಳದಿ ಬಟ್ಟೆಯ ಮೇಲೆ ಕೆಂಪು ಮಕಮಲ್ಲಿನ ಚೂರು ಹೊಲಿದು, ನಿಂಬೆಹಣ್ಣಿನ ಗಾತ್ರದ ಸೂಜಿದಿಂಬು ಮಾಡಿ ಮಿಷನ್ನಿನ ಮೇಲಿಟ್ಟೆ. ಸಾಕಮ್ಮ ಮಧ್ಯಾಹ್ನ ಬುತ್ತಿ ತಂದಾಗ ಕಾಲಿನ ಮುಳ್ಳು ತೆಗೆಯಲು ಅದರಿಂದ ಒಂದು ಸೂಜಿ ಕೀಳುತ್ತಿದ್ದಳು, ಕೆಲಸ ಮುಗಿದಮೇಲೆ ಮತ್ತೆ ಅಲ್ಲೇ ಒತ್ತಿ ಚುಚ್ಚುತ್ತಿದ್ದಳು. ಪ್ರತಿ ಸಲವೂ ನಾನು ಬೇರೆ ಕಡೆ ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ ಅವಳು ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ, ಮಗಳು ಕಾಫಿ ಮಾಡಲು ಒಳಗೆ ಹೋಗಿದ್ದಾಗ, ನನ್ನನ್ನು ಹತ್ತಿರ ಕರೆದಳು.

"ಅವತ್ತು ಕದಿರೀಲಿ ನಿಜ್ವಾಗ್ಲೂ ಕೊಟ್ರಾ?"

ಅಷ್ಟು ವರ್ಷ ಕಾದಿದ್ದ ಮಾತು ನಾಲಿಗೆಯ ತುದಿಗೆ ಬಂತು. ಈಗ ಹೇಳಬಹುದಿತ್ತು. ಮಗಳು ಉಳಿದಿದ್ದಳು, ಮೊಮ್ಮಕ್ಕಳೂ ಇದ್ದರು. ಆದರೆ ಅವಳ ಮುಖ ನೋಡಿದೆ. ಅವಳು ಹೋಗುತ್ತಿದ್ದದ್ದು ಮಗನಿದ್ದ ಕಡೆಗೆ. ಅವನು ಕಾರಣವೇ ಇಲ್ಲದೆ ಹೋದ ಎಂಬ ಮಾತನ್ನು ಅವಳ ಕೈಯಲ್ಲಿಟ್ಟು ಹೇಗೆ ಕಳಿಸಲಿ?

"ಕೊಟ್ಟೆ ಕಣೆ," ಎಂದೆ.

"ಸರಿ ಬುಡಿ," ಎಂದು ಹೊದಿಕೆಯನ್ನು ಎದೆಗೆ ಎಳೆದುಕೊಂಡಳು. ಆಮೇಲೆ, "ಆದ್ರೂ ಅವತ್ತು ನೀವು ಕತ್ತರಿ ಹಾಕ್ಬಾರ್ದಾಗಿತ್ತು."

"ಹೂಂ ಕಣೆ," ಎಂದೆ. "ಹಾಕ್ಬಾರ್ದಾಗಿತ್ತು."